ಚಳಿಗಾಲದ ಟ್ರೇಲು: ಎಟಿವಿಗೂ ಸ್ನೋಮೊಬೈಲಿಗೂ ಒಂದೇ ದಾರಿ ಸರಿಯಾ?

ಹಿಮದಾರಿ (ಉತ್ತರ ಮಿನ್ನೆಸೋಟ)

ನಮ್ಮ ಕೌಂಟಿಯಲ್ಲಿ (ಊರಿನ ಜಿಲ್ಲೆ ಇದ್ದಂತೆ) ಮತ್ತೆ ಅದೇ ಮಾತು ಎದ್ದಿದೆ. ಹಿಮದ ಮೇಲೆ ಓಡುವ ಸ್ನೋಮೊಬೈಲಿಗೆಂದು ಇರುವ ಚಳಿಗಾಲದ ಟ್ರೇಲುಗಳನ್ನು, ಅಂದರೆ ಕಾಡು, ಹೊಲಗಳ ನಡುವಿನ ದಾರಿಗಳನ್ನು, ಕಚ್ಚಾ ನೆಲದಲ್ಲಿ ಓಡುವ ನಾಲ್ಕು ಚಕ್ರದ ಎಟಿವಿಗಳಿಗೂ ತೆರೆಯಬೇಕು ಅಂತ ಕೆಲವರು ಅರ್ಜಿ ಕೊಟ್ಟಿದ್ದಾರೆ. ಮುಂದಿನ ತಿಂಗಳು ಸಭೆ ಇದೆ. ಈ ಗುಂಪಿನಲ್ಲಿ ಮಿನ್ನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ಕಡೆಯವರು ಬಹಳ ಜನ ಇದ್ದೀರಿ, ಎರಡೂ ಗಾಡಿ ಇಟ್ಟುಕೊಂಡವರೂ ಇದ್ದೀರಿ. ನಿಮ್ಮ ಅಭಿಪ್ರಾಯ ಬೇಕು.

ನನ್ನದು ಮೊದಲೇ ಹೇಳಿಬಿಡುತ್ತೇನೆ. ಗ್ರೂಮ್ ಮಾಡಿದ, ಅಂದರೆ ಯಂತ್ರದಿಂದ ಸಮ ಮಾಡಿ ಒತ್ತಿದ ಹಿಮದ ಮೇಲೆ ಚಕ್ರದ ಗಾಡಿ ಬೇಡ. ಎಟಿವಿ ಮೇಲೆ ನನಗೆ ಕೋಪ ಇಲ್ಲ, ಬೇಸಿಗೆಯಲ್ಲಿ ನಾನೂ ಓಡಿಸುತ್ತೇನೆ. ಆದರೆ ಚಳಿಗಾಲದ ಟ್ರೇಲ್ ಅನ್ನೋದು ಬೇರೆಯೇ ವಸ್ತು. ಅದು ನೆಲ ಅಲ್ಲ, ಹಿಮದಿಂದ ಪ್ರತಿ ವಾರ ಹೊಸದಾಗಿ ಕಟ್ಟುವ ದಾರಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಸ್ನೋಮೊಬೈಲಿಗೆ ಮುಂದೆ ಎರಡು ಸ್ಕೀ, ಹಿಂದೆ ಅಗಲವಾದ ಒಂದು ರಬ್ಬರ್ ಟ್ರ್ಯಾಕ್. ಭಾರ ಹರಡಿಕೊಳ್ಳುತ್ತದೆ, ಗಾಡಿ ಹಿಮದ ಮೇಲೆಯೇ ತೇಲಿದಂತೆ ಹೋಗುತ್ತದೆ. ಎಟಿವಿಗೆ ನಾಲ್ಕು ದಪ್ಪ ಟೈರು. ಭಾರವೆಲ್ಲ ಆ ನಾಲ್ಕು ಜಾಗದ ಮೇಲೇ ಬೀಳುತ್ತದೆ.

ನಮ್ಮ ಕ್ಲಬ್ಬಿನ ಗ್ರೂಮರ್ ಓಡಿಸುವ ಸರದಿಯಲ್ಲಿ ನಾನೂ ಇದ್ದೇನೆ. ಗ್ರೂಮರ್ ಅಂದರೆ ಟ್ರ್ಯಾಕ್ ಹಾಕಿದ ದೊಡ್ಡ ಟ್ರ್ಯಾಕ್ಟರು. ಅದರ ಹಿಂದೆ ಡ್ರ್ಯಾಗ್ ಅಂತ ಉದ್ದನೆಯ ಕಬ್ಬಿಣದ ಚೌಕಟ್ಟು. ಚೌಕಟ್ಟಿನಲ್ಲಿ ಓರೆಯಾಗಿ ಕೂರಿಸಿದ ಬ್ಲೇಡುಗಳು ದಿಬ್ಬಗಳನ್ನು ಕತ್ತರಿಸಿ, ಹಿಮವನ್ನು ಹೊರಳಿಸಿ, ಪುಡಿ ಮಾಡುತ್ತವೆ. ಕೊನೆಯಲ್ಲಿರುವ ಅಗಲವಾದ ತಟ್ಟೆ ಅದನ್ನೆಲ್ಲ ಒತ್ತಿ ಸಮ ಮಾಡುತ್ತದೆ. ಅಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಹೊರಳಿದ ಹಿಮದ ಹರಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗಲು ಕೆಲವು ಗಂಟೆ ಬೇಕು, ಚಳಿ ಬೇಕು. ಅದಕ್ಕೇ ರಾತ್ರಿ ಹೋಗುತ್ತೇವೆ, ದಾರಿಯಲ್ಲಿ ಯಾರೂ ಇರುವುದಿಲ್ಲ, ಬೆಳಗಾಗುವಷ್ಟರಲ್ಲಿ ಹಿಮ ಕೂತಿರುತ್ತದೆ. ಆ ನಡುವೆ ಒಂದು ಎಟಿವಿ ಹೋಯಿತು ಅಂದರೆ ಎರಡು ತೋಡು ಬೀಳುತ್ತವೆ, ಬೆಳಗಿನ ಜಾವಕ್ಕೆ ಆ ತೋಡುಗಳು ಹಾಗೇ ಹೆಪ್ಪುಗಟ್ಟುತ್ತವೆ. ಸ್ಕೀ ಅಡಿಯಲ್ಲಿ ಕಾರ್ಬೈಡ್ ಅಂತ ಹರಿತವಾದ ಪಟ್ಟಿ ಇರುತ್ತದೆ, ಗಾಡಿ ತಿರುಗುವುದೇ ಅದರ ಹಿಡಿತದಿಂದ. ಆ ಪಟ್ಟಿ ತೋಡಿಗೆ ಸಿಕ್ಕಿಕೊಂಡರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಗಾಡಿ ತೋಡು ಹೋದ ಕಡೆಗೇ ಹೋಗುತ್ತದೆ. ಮಿನ್ನೆಸೋಟದಲ್ಲಿ ಸ್ನೋಮೊಬೈಲಿನ ವೇಗಮಿತಿ ಗಂಟೆಗೆ 50 ಮೈಲಿ, ಅಂದರೆ 80 ಕಿ.ಮೀ. ಆ ವೇಗದಲ್ಲಿ, ಮರಗಳ ನಡುವೆ, ಎದುರಿಗೆ ಇನ್ನೊಬ್ಬರು ಬರುವಾಗ ಹೀಗಾದರೆ ಏನಾಗುತ್ತೆ ಯೋಚಿಸಿ.

ಹೇಳಿ, ಯಾರು ಏನಂತೀರಿ?

ನಾಲ್ಕುಚಕ್ರ (ವಿಸ್ಕಾನ್ಸಿನ್)

ಹಿಮದಾರಿ ಸರ್, ನೀವು ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಅರ್ಧ ಮಾತ್ರ ಹೇಳಿದ್ದೀರಿ.

ನಾನು ಎಟಿವಿ ಓಡಿಸುವವನು. ಎರಡು ಗಾಡಿ ಸಾಕುವಷ್ಟು ದುಡ್ಡೂ ಇಲ್ಲ, ಜಾಗವೂ ಇಲ್ಲ. ಎಟಿವಿಯಾದರೆ ವರ್ಷವಿಡೀ ಬಳಕೆಗೆ ಬರುತ್ತದೆ. ಸೌದೆ ಎಳೆಯಲು ಅದೇ, ಮನೆ ಮುಂದಿನ ಹಿಮ ತಳ್ಳಲು ಅದೇ, ಕೆರೆ ಹೆಪ್ಪುಗಟ್ಟಿದ ಮೇಲೆ ಮೀನು ಹಿಡಿಯಲು ಹೋಗುವುದೂ ಅದರಲ್ಲೇ. ಎಷ್ಟೋ ಕೆರೆಗಳಿಗೆ ಚಳಿಗಾಲದಲ್ಲಿ ಸಲೀಸಾಗಿ ಹೋಗಲು ಆ ಟ್ರೇಲು ಬಿಟ್ಟರೆ ಬೇರೆ ದಾರಿ ಇಲ್ಲ. ಮೊಣಕಾಲು ನೋವಿರುವ ಹಿರಿಯರಿಗೆ, ನಡೆಯಲು ಆಗದವರಿಗೆ ಸ್ನೋಮೊಬೈಲ್ ಮೇಲೆ ಕಾಲು ಮಡಚಿ ಕೂರುವುದಕ್ಕಿಂತ ಸೈಡ್ ಬೈ ಸೈಡ್ (ಇಬ್ಬರು ಪಕ್ಕಪಕ್ಕ ಕೂರುವ ದೊಡ್ಡ ಎಟಿವಿ) ಸೀಟಿನಲ್ಲಿ ಬೆಲ್ಟ್ ಹಾಕಿ ಕೂರುವುದು ಸುಲಭ. ಅವರೂ ಕಾಡು ನೋಡಬೇಕಲ್ವಾ?

ಇನ್ನು ಹಿಮದ ಮಾತು. 2023-24ರ ಚಳಿಗಾಲ ನೆನಪಿದೆಯಾ? ಎಲ್ ನಿನೊ ವರ್ಷ, ನಮ್ಮ ಕಡೆ ಚಳಿಗಾಲ ಬೆಚ್ಚಗಿರುವ ಕಾಲ. ನಮ್ಮ ಕಡೆ ಬಹಳಷ್ಟು ಟ್ರೇಲುಗಳು ತೆರೆದದ್ದೇ ಅಪರೂಪ. ನಿಮ್ಮಲ್ಲಿ ಜಾನ್ ಬೇರ್‌ಗ್ರೀಸ್ ನಾಯಿ ಬಂಡಿ ಓಟವನ್ನೇ ಹಿಮ ಇಲ್ಲ ಅಂತ 2024ರಲ್ಲಿ ರದ್ದು ಮಾಡಿದರು. ಆ ತಿಂಗಳುಗಳಲ್ಲಿ ಟ್ರೇಲ್ ಪಕ್ಕದ ಹೋಟೆಲು, ಪೆಟ್ರೋಲ್ ಬಂಕು, ಚಿಕ್ಕ ಅಂಗಡಿಗಳು ಏನು ಮಾಡಬೇಕಿತ್ತು? ನೆಲ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಹಿಮ ಇರಲಿಲ್ಲ, ನಾವು ಓಡಿಸಬಹುದಿತ್ತು. ಗೇಟು ಮುಚ್ಚಿತ್ತು.

ನಮ್ಮ ರಾಜ್ಯದ ಕೆಲವು ಕೌಂಟಿಗಳಲ್ಲಿ ಒಂದು ನಿಯಮ ಇದೆ. ಉಷ್ಣಾಂಶ 28 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಅಂದರೆ ಸುಮಾರು ಮೈನಸ್ 2 ಸೆಲ್ಸಿಯಸ್‌ಗಿಂತ ಕೆಳಗಿದ್ದರೆ ಮಾತ್ರ ಸ್ನೋಮೊಬೈಲ್ ಟ್ರೇಲಿನಲ್ಲಿ ಎಟಿವಿ ಓಡಿಸಬಹುದು. ಬಿಸಿ ಏರಿತೋ, ಬಂದ್. ಎಲ್ಲ ಕಡೆ ಅಲ್ಲ, ಆದರೆ ನಡೆಯುತ್ತಿದೆ. ನಿಮ್ಮ ಕೌಂಟಿಯಲ್ಲಿ ಯಾಕೆ ಆಗಲ್ಲ?

ಇನ್ನೊಂದು. ಎರಡೂ ಗಾಡಿಯವರು ಬೇರೆ ಬೇರೆ ಜಾತಿಯವರೇನಲ್ಲ. ಪೊಲಾರಿಸ್ ಕಂಪನಿ 1954ರಲ್ಲಿ ನಿಮ್ಮ ರೋಸೋ ಊರಿನಲ್ಲೇ ಶುರುವಾದದ್ದು. ಮೊದಲು ಹೆಸರು ಮಾಡಿದ್ದು ಸ್ನೋಮೊಬೈಲಿನಿಂದ, 1985ರಿಂದ ಎಟಿವಿ. ಒಂದೇ ಮನೆಯಲ್ಲಿ ಅಪ್ಪನದು ಸ್ಲೆಡ್ (ಸ್ನೋಮೊಬೈಲೇ), ಮಗನದು ಎಟಿವಿ ಇರುತ್ತೆ. ಅವರ ನಡುವೆ ಬೇಲಿ ಹಾಕುವುದು ಸರಿಯಾ?

ಹಿಮದಾರಿ

ನಾಲ್ಕುಚಕ್ರ ಅವರೇ, ಕೆರೆಯ ಮಾತು ಒಪ್ಪಿದೆ. ಮೀನು ಹಿಡಿಯುವವರಿಗೆ ಕೆರೆ ತಲುಪುವ ಚಿಕ್ಕ ತುಂಡು ದಾರಿ ಬೇಕೇ ಬೇಕು, ಅದಕ್ಕೆ ನಾನೇ ಸಭೆಯಲ್ಲಿ ಕೈ ಎತ್ತುತ್ತೇನೆ. ವಯಸ್ಸಾದವರ ಮಾತೂ ಸರಿ.

28 ಡಿಗ್ರಿ ನಿಯಮ ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಷ್ಟು ಚಳಿಯಲ್ಲೂ ಹಿಂದಿನ ರಾತ್ರಿ ಹೊರಳಿಸಿದ ಹಿಮ ಇನ್ನೂ ಕೂರದಿದ್ದರೆ ಟೈರು ಇಳಿಯುತ್ತದೆ. ಬೆಳಗ್ಗೆ 10 ಡಿಗ್ರಿ ಫ್ಯಾರನ್‌ಹೀಟ್ ಇದ್ದದ್ದು ಮಧ್ಯಾಹ್ನ ಬಿಸಿಲು ಬೀಳುವ ದಿಬ್ಬದ ಮೇಲೆ 33 ಆಗಿರುತ್ತದೆ, ಹಿಮ ಕರಗುವ ಮಟ್ಟ. ಮನೆಯಿಂದ 40 ಮೈಲಿ ದೂರ ಹೋದವನು ಥರ್ಮಾಮೀಟರ್ ನೋಡಿ ಗಾಡಿ ಅಲ್ಲೇ ಬಿಟ್ಟು ನಡೆದು ಬರುತ್ತಾನಾ? ಬರಲ್ಲ. ಯಾರೂ ಬರಲ್ಲ.

ಇನ್ನೊಂದು ವಿಷಯ ಸ್ಲೆಡ್ ಓಡಿಸದವರಿಗೆ ಗೊತ್ತಿರುವುದಿಲ್ಲ. ಈಗಿನ ಬಹುತೇಕ ಸ್ಲೆಡ್ಡುಗಳ ಎಂಜಿನ್ ತಣ್ಣಗಾಗುವುದು ಟ್ರ್ಯಾಕ್ ಎರಚುವ ಹಿಮದಿಂದ. ಸೀಟಿನ ಕೆಳಗೆ ಟ್ರ್ಯಾಕಿನ ಮೇಲ್ಗಡೆ ಶಾಖ ಬಿಡುವ ಕೊಳವೆ ಇರುತ್ತದೆ, ಅದರ ಮೇಲೆ ಸಡಿಲ ಹಿಮ ಬೀಳುತ್ತಿರಬೇಕು. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗೂ ಅದೇ ಹಿಮವೇ ಎಣ್ಣೆ. ಟೈರು ಓಡಾಡಿ ಓಡಾಡಿ ಟ್ರೇಲು ಹೊಳೆಯುವ ಮಂಜುಗಡ್ಡೆ ಆಯಿತು ಅಂದರೆ ಎಂಜಿನ್ ಬಿಸಿಯಾಗುತ್ತೆ, ಪಟ್ಟಿ ಕರಗುತ್ತೆ.

ಜೋಳದಹೊಲ (ವಿಸ್ಕಾನ್ಸಿನ್)

ನಾನು ಎರಡೂ ಓಡಿಸುವುದಿಲ್ಲ. ಬೆಳೆ ಸಲಹೆ ಕೊಡುವುದು ನನ್ನ ಕೆಲಸ, ಹೈನುಗಾರರ ಜೊತೆ ದಿನಾ ಮಾತು. ಹಾಗಾಗಿ ಇದನ್ನು ಬೇರೆ ಕಡೆಯಿಂದ ನೋಡುತ್ತೇನೆ. ಇಬ್ಬರೂ "ನಮ್ಮ ಟ್ರೇಲು, ನಿಮ್ಮ ಟ್ರೇಲು" ಅಂತಿದ್ದೀರಿ. ಅದರಲ್ಲಿ ಬಹುಪಾಲು ಇಬ್ಬರದ್ದೂ ಅಲ್ಲ.

ವಿಸ್ಕಾನ್ಸಿನ್‌ನಲ್ಲಿ ಸುಮಾರು 25,000 ಮೈಲಿ ಸ್ನೋಮೊಬೈಲ್ ಟ್ರೇಲ್ ಇದೆ. ಹೆಚ್ಚಿನದ್ದು ಖಾಸಗಿ ಜಮೀನಿನ ಮೇಲೆ. ಕ್ಲಬ್ಬಿನವರು ಬಂದು ಕೇಳುತ್ತಾರೆ, ರೈತ ಹೂಂ ಅನ್ನುತ್ತಾನೆ. ಬಾಡಿಗೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅವನು ಒಪ್ಪುವುದು ಒಂದು ಲೆಕ್ಕದ ಮೇಲೆ: ಸುಗ್ಗಿ ಮುಗಿದಿದೆ, ನೆಲ ಹೆಪ್ಪುಗಟ್ಟಿದೆ, ಮೇಲೆ ಹಿಮ ಇದೆ, ಗಾಡಿ ಹೋದರೂ ಮಣ್ಣಿಗೆ ತಾಗುವುದಿಲ್ಲ, ವಸಂತದಲ್ಲಿ ಹಿಮ ಕರಗಿದ ಮೇಲೆ ಇಲ್ಲಿ ಗಾಡಿ ಓಡಾಡಿತ್ತು ಅನ್ನುವ ಗುರುತೂ ಉಳಿಯಬಾರದು.

ಈಗ ಅಲ್ಫಾಲ್ಫಾ ತಗೊಳ್ಳಿ, ನಮ್ಮ ಕಡೆ ಕುದುರೆ ಮಸಾಲೆ ಅಂತಾರಲ್ಲ, ಅದೇ. ಒಮ್ಮೆ ಬಿತ್ತಿದರೆ ಕೆಲವು ವರ್ಷ ಕೊಯ್ಲು ಬರುತ್ತದೆ, ಹಸುಗಳಿಗೆ ಅದೇ ಮುಖ್ಯ ಮೇವು. ಚಳಿಗಾಲದಲ್ಲಿ ಗಿಡ ಮೇಲೆ ಒಣಗಿದಂತೆ ಕಾಣುತ್ತದೆ, ಆದರೆ ಬುಡದ ಗೆಡ್ಡೆ ಮಣ್ಣಿನ ಮಟ್ಟದಲ್ಲಿ ಜೀವಂತ ಇರುತ್ತದೆ, ಮುಂದಿನ ವರ್ಷದ ಚಿಗುರು ಅದರಲ್ಲೇ. ಅದನ್ನು ಚಳಿಯಿಂದ ಕಾಯುವುದು ಸಡಿಲ ಹಿಮದೊಳಗೆ ಸಿಕ್ಕಿರುವ ಗಾಳಿ. ಹಿಮ ಒತ್ತಿ ಗಟ್ಟಿಯಾದರೆ ಗಾಳಿ ಹೋಯಿತು, ಚಳಿ ನೇರ ಬುಡಕ್ಕೆ ಇಳಿಯಿತು. ಅದು ಮಂಜುಗಡ್ಡೆಯ ಹಾಳೆ ಆಯಿತು ಅಂದರೆ ಬುಡಕ್ಕೆ ಉಸಿರೂ ಇಲ್ಲ. ವಸಂತದಲ್ಲಿ ಹೊಲದ ನಡುವೆ ಉದ್ದಕ್ಕೆ ಒಂದು ಸತ್ತ ಪಟ್ಟಿ ಕಾಣುತ್ತದೆ.

ನಿಜ ಹೇಳಬೇಕು ಅಂದರೆ ಸ್ನೋಮೊಬೈಲೂ ಹಿಮವನ್ನು ಒತ್ತುತ್ತದೆ. ಅದಕ್ಕೇ ಒಳ್ಳೆಯ ಕ್ಲಬ್ಬಿನವರು ಅಲ್ಫಾಲ್ಫಾ ಮಧ್ಯೆ ಹೋಗುವುದಿಲ್ಲ, ಬೇಲಿ ಅಂಚಿನಲ್ಲಿ ಅಥವಾ ಕೊಯ್ಲಾದ ಮೆಕ್ಕೆಜೋಳ, ಸೋಯಾ ಹೊಲದಲ್ಲಿ ಗೂಟ ನೆಟ್ಟು ದಾರಿ ಮಾಡುತ್ತಾರೆ. ಆದರೆ ಹಿಮ ಎರಡೇ ಇಂಚು ಇರುವಾಗ ಬರುವ ಗಾಡಿ ಎಟಿವಿ. ಸ್ನೋಮೊಬೈಲ್ ಆಗ ಬರುವುದೇ ಇಲ್ಲ, ಓಡಿಸಿದರೆ ಅದರದ್ದೇ ಹಾಳು. ಅದೇ ಇಲ್ಲಿರುವ ವ್ಯತ್ಯಾಸ.

ನನಗೆ ಗೊತ್ತಿರುವ ಒಬ್ಬ ಹೈನುಗಾರರು ಇದೇ ಕಾರಣಕ್ಕೆ ಕೊಟ್ಟ ಅನುಮತಿ ವಾಪಸ್ ತಗೊಂಡರು. ಯಾರೋ ಎಟಿವಿಯವರು ಮಾರ್ಚಿನ ಮಧ್ಯಾಹ್ನ ಕೆಸರಿನಲ್ಲಿ ಸುತ್ತು ಹೊಡೆದಿದ್ದರು. ಮುಚ್ಚಿದ್ದು ಮಾತ್ರ ಎಲ್ಲರಿಗೂ. ಒಂದು ಹೊಲ ಕೈ ತಪ್ಪಿದರೆ ಟ್ರೇಲ್ ಎರಡು ತುಂಡು. ಸುತ್ತು ಹಾಕಲು ಪಕ್ಕದವರು ಒಪ್ಪಬೇಕು, ಅವರು ಆಗಲೇ ಕಥೆ ಕೇಳಿರುತ್ತಾರೆ.

ನಾಲ್ಕುಚಕ್ರ

ಅಕ್ಕ, ಆ ಕೆಸರಿನ ಜನ ನಮ್ಮವರೂ ಅಲ್ಲ. ನಮ್ಮ ಕ್ಲಬ್ಬಿನಲ್ಲಿ ಅಂಥವರನ್ನು ಹತ್ತಿರಕ್ಕೂ ಸೇರಿಸುವುದಿಲ್ಲ.

ಜೋಳದಹೊಲ

ಗೊತ್ತು ಅಣ್ಣ. ಆದರೆ ಹೊಲದ ಮಾಲೀಕನಿಗೆ ಟೈರಿನ ಗುರುತು ಕಾಣುತ್ತೆ, ಸದಸ್ಯತ್ವದ ಕಾರ್ಡು ಕಾಣಲ್ಲ.

ಬಯಲುಸೀಮೆಹುಡುಗಿ (ವರ್ಮಾಂಟ್)

ನಮ್ಮ ಕಡೆ ಇದು ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ಸಭೆಗೆ ಉಪಯೋಗ ಆಗಬಹುದು.

ಇಲ್ಲಿ ವಾಸ್ಟ್ ಅಂತ ಒಂದು ಸಂಸ್ಥೆ ಇದೆ, ವರ್ಮಾಂಟ್ ಅಸೋಸಿಯೇಷನ್ ಆಫ್ ಸ್ನೋ ಟ್ರಾವೆಲರ್ಸ್, 1967ರಿಂದ ಇದೆ. ಇಡೀ ರಾಜ್ಯದ ಸ್ನೋಮೊಬೈಲ್ ಟ್ರೇಲುಗಳನ್ನು ಊರೂರಿನ ಕ್ಲಬ್ಬುಗಳ ಮೂಲಕ ಅವರೇ ನೋಡಿಕೊಳ್ಳುವುದು. ಓಡಿಸಬೇಕು ಅಂದರೆ ಕ್ಲಬ್ಬಿನ ಸದಸ್ಯರಾಗಿ ಟ್ರೇಲ್ ಪಾಸ್ ತಗೋಬೇಕು. ಹಂಗಾಮು ಡಿಸೆಂಬರ್ 16ರಿಂದ ಏಪ್ರಿಲ್ 15ರವರೆಗೆ, ಅದೂ ಹಿಮ ಇದ್ದರೆ. ಎಟಿವಿಗೆ ಆ ಟ್ರೇಲುಗಳಲ್ಲಿ ಅವಕಾಶ ಇಲ್ಲ. ಎಟಿವಿಯವರಿಗೆ ಅವರದ್ದೇ ಸಂಸ್ಥೆ, ಅವರದ್ದೇ ಟ್ರೇಲು, ಅವರದ್ದೇ ಅನುಮತಿ ಪತ್ರಗಳು. ಇಲ್ಲಿಯೂ ಟ್ರೇಲುಗಳಲ್ಲಿ ನೂರಕ್ಕೆ ಸುಮಾರು 80 ಭಾಗ ಖಾಸಗಿ ಜಮೀನು. ಮೇನ್ ರಾಜ್ಯದಲ್ಲಿ ಇನ್ನೂ ಜಾಸ್ತಿ. ಅಲ್ಲಿ ಸುಮಾರು 14,000 ಮೈಲಿ ಸ್ನೋಮೊಬೈಲ್ ಟ್ರೇಲ್ ಇದೆ, ಬಹುತೇಕ ಮರದ ಕಂಪನಿಗಳ, ರೈತರ, ಮನೆಯವರ ಜಾಗದ ಮೇಲೆ.

ಡಿಸೆಂಬರ್ 16 ಅಂತ ಯಾಕೆ ಇಟ್ಟರು ಅಂತ ಹೊಸದಾಗಿ ಬಂದಾಗ ನನಗೂ ಅನ್ನಿಸಿತ್ತು. ನವೆಂಬರ್ ಪೂರ್ತಿ, ಡಿಸೆಂಬರ್ ಮೊದಲ ಭಾಗ ಇಲ್ಲಿ ಜಿಂಕೆ ಬೇಟೆಯ ಕಾಲ. ಜಮೀನಿನವರು, ಬೇಟೆಗಾರರು ಆಗ ಕಾಡಿನಲ್ಲಿ ಸದ್ದು ಬಯಸುವುದಿಲ್ಲ.

ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಕೋಆಸ್ ಕೌಂಟಿಯಲ್ಲಿ ಬೇರೆ ಥರ. ಕಾಗದದ ಗಿರಣಿಗಳು ಮುಚ್ಚಿ ಊರುಗಳು ಸೊರಗಿದ್ದವು. 2013ರಲ್ಲಿ ರೈಡ್ ದ ವೈಲ್ಡ್ಸ್ ಅಂತ ಹೆಸರಿಟ್ಟು 1,000 ಮೈಲಿಗೂ ಜಾಸ್ತಿ ಎಟಿವಿ ಟ್ರೇಲುಗಳನ್ನು ಜೋಡಿಸಿದರು. ಎಷ್ಟೋ ಕಡೆ ನೆಲ ಅದೇ, ಕಾಲ ಬೇರೆ. ವಸಂತದ ಕೆಸರು ಆರಿದ ಮೇಲೆ ಎಟಿವಿ, ಹಿಮ ಬಿದ್ದ ಮೇಲೆ ಸ್ನೋಮೊಬೈಲ್. ವ್ಯಾಪಾರ ಬಂತು, ಅದು ನಿಜ. ಜೊತೆಗೆ ಮನೆ ಮುಂದೆ ದಿನವಿಡೀ ಧೂಳು, ಸದ್ದು ಅಂತ ಗೋರಮ್ ಊರಿನ ಜನ ಕೋರ್ಟಿಗೂ ಹೋದರು. ಹಾಗಾಗಿ ದಾರಿ ಹಂಚಿಕೊಳ್ಳುವ ಪ್ರಶ್ನೆ ಬರೀ ಎರಡು ಗಾಡಿಗಳ ಮಧ್ಯೆ ಅಲ್ಲ. ಆ ದಾರಿ ಪಕ್ಕದ ಮನೆಯಲ್ಲಿ ಬಟ್ಟೆ ಒಣಗಿಸುವವರನ್ನೂ ಕೇಳಬೇಕು.

ನನ್ನ ಅಭಿಪ್ರಾಯ ಹಿಮದಾರಿ ಅವರ ಕಡೆಗೇ. ಕಾಲ ಹಂಚಿಕೊಳ್ಳಿ, ಒಂದೇ ದಿನ ಒಂದೇ ದಾರಿ ಬೇಡ.

ನಾಲ್ಕುಚಕ್ರ

ಸರಿ, ಒಂದು ಪ್ರಶ್ನೆ. ಟ್ರ್ಯಾಕ್ ಕಿಟ್ ಹಾಕಿದ ಎಟಿವಿ ಆದರೆ? ನಾಲ್ಕೂ ಚಕ್ರ ಬಿಚ್ಚಿ ತ್ರಿಕೋನ ಆಕಾರದ ನಾಲ್ಕು ರಬ್ಬರ್ ಟ್ರ್ಯಾಕ್ ಹಾಕುತ್ತಾರೆ, ಎಲ್ಲರೂ ನೋಡಿರುತ್ತೀರಿ. ಭಾರ ಹರಡುತ್ತೆ, ತೋಡು ಬೀಳಲ್ಲ, ವೇಗ ತಾನಾಗಿ ಕಡಿಮೆಯಾಗುತ್ತೆ. ಅಗ್ಗದ ವಸ್ತುವೇನಲ್ಲ, ಅಷ್ಟು ದುಡ್ಡು ಹಾಕುವವನು ಸುಮ್ನೆ ಹೊಲ ಕೆಡಿಸಲು ಬರುವುದಿಲ್ಲ. ಚಕ್ರ ಬೇಡ ಅನ್ನುವುದಾದರೆ ಟ್ರ್ಯಾಕ್ ಇದ್ದವರಿಗಾದರೂ ಬಿಡಿ. ಅದಕ್ಕೂ ಬೇಡ ಅಂದರೆ ಆಗ ಇದು ಹಿಮದ ಮಾತಲ್ಲ, ನಮ್ಮನ್ನು ಕಂಡರೆ ಆಗಲ್ಲ ಅಂತಲೇ ಅರ್ಥ.

ಮತ್ತೆ ದುಡ್ಡಿನ ಮಾತು. ನಾವೂ ನೋಂದಣಿ ಶುಲ್ಕ ಕಟ್ಟುತ್ತೇವೆ, ನಮ್ಮ ಪೆಟ್ರೋಲ್ ತೆರಿಗೆಯ ಪಾಲೂ ಸರಕಾರಕ್ಕೆ ಹೋಗುತ್ತದೆ. ಸ್ನೋಮೊಬೈಲ್ ನೋಂದಣಿ ಇಳಿಯುತ್ತಿದೆ, ನಮ್ಮದು ಏರುತ್ತಿದೆ. ನಿಮ್ಮ ಕ್ಲಬ್ಬುಗಳಲ್ಲಿ ತಲೆ ನರೆತವರೇ ಜಾಸ್ತಿ. ಇನ್ನು ಹತ್ತು ವರ್ಷಕ್ಕೆ ಆ ಗ್ರೂಮರ್ ಓಡಿಸುವವರು ಯಾರು?

ಉತ್ತರದಗಾಳಿ (ಒಂಟಾರಿಯೊ)

ನಮ್ಮಲ್ಲಿ ಇದಕ್ಕೆ ಉತ್ತರ ಬಹಳ ನೇರ. ಒಂಟಾರಿಯೊ ಸ್ನೋಮೊಬೈಲ್ ಕ್ಲಬ್ಬುಗಳ ಒಕ್ಕೂಟ ಸುಮಾರು 30,000 ಕಿ.ಮೀ. ಟ್ರೇಲ್ ನೋಡಿಕೊಳ್ಳುತ್ತದೆ. ಆ ಟ್ರೇಲಿನ ಮೇಲೆ ಎಟಿವಿ ನಿಷೇಧ. ಪರ್ಮಿಟ್ ಇಲ್ಲದ ಸ್ನೋಮೊಬೈಲಿಗೂ ಜಾಗ ಇಲ್ಲ. ಆ ಪರ್ಮಿಟ್ ದುಡ್ಡಿನಿಂದಲೇ ಗ್ರೂಮಿಂಗ್ ನಡೆಯುವುದು, ದುಡಿಯುವವರು ಬಹುತೇಕ ಸ್ವಯಂಸೇವಕರು.

ಆದರೆ ನಿಷೇಧ ಅಂದ ಮಾತ್ರಕ್ಕೆ ಯಾರೂ ಬರುವುದಿಲ್ಲ ಅಂತಲ್ಲ. ಬರುತ್ತಾರೆ. ಕಾಡಿನ ನಡುವೆ ಪೊಲೀಸರು ಎಷ್ಟು ಕಡೆ ನಿಲ್ಲುತ್ತಾರೆ? ನಮ್ಮ ಹತ್ತಿರದ ಟ್ರೇಲಿನಲ್ಲಿ ವಾರಾಂತ್ಯದ ಗ್ರೂಮಿಂಗ್ ಆದ ಬೆಳಗ್ಗೆಯೇ ಟೈರಿನ ಗುರುತು ನೋಡಿ ಬಹಳ ಬೇಸರ ಆಗಿದೆ. ಡೀಸೆಲ್ಲಿಗೆ ದುಡ್ಡು, ರಾತ್ರಿ ನಿದ್ದೆ, ಎಲ್ಲ ಹಾಕಿದವರು ನಾವೇ ಪಕ್ಕದ ಮನೆಯವರು.

ನಾಲ್ಕುಚಕ್ರ ಅವರೇ, ಟ್ರ್ಯಾಕ್ ಕಿಟ್ ವಿಷಯದಲ್ಲಿ ನನಗಿರುವ ಭಯ ತೋಡಿನದ್ದಲ್ಲ, ಅಗಲದ್ದು. ಟ್ರ್ಯಾಕ್ ಹಾಕಿದ ಸೈಡ್ ಬೈ ಸೈಡ್ ಎದುರಿಗೆ ಬಂದರೆ ಕಿರಿದಾದ ತಿರುವಿನಲ್ಲಿ ಸ್ಲೆಡ್ ಎಲ್ಲಿಗೆ ಹೋಗಬೇಕು? ಒಂದು ಕಡೆ ಮರ, ಒಂದು ಕಡೆ ಹಳ್ಳ.

ಹಿಮದಾರಿ

ಎಲ್ಲರಿಗೂ ಸೇರಿಸಿ ಉತ್ತರ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ನಾಲ್ಕುಚಕ್ರ ಅವರೇ, ನಿಮ್ಮನ್ನು ಕಂಡರೆ ಆಗಲ್ಲ ಅನ್ನುವ ಮಾತೇ ಇಲ್ಲ. ಗ್ರೂಮರ್ ಯಾರು ಓಡಿಸುತ್ತಾರೆ ಅಂತ ಕೇಳಿದಿರಲ್ಲ, ಆ ಪ್ರಶ್ನೆ ನನ್ನನ್ನೂ ಕಾಡುತ್ತದೆ. ಮಿನ್ನೆಸೋಟದಲ್ಲಿ 22,000 ಮೈಲಿಗೂ ಜಾಸ್ತಿ ಸ್ನೋಮೊಬೈಲ್ ಟ್ರೇಲ್ ಇದೆ, ಬಹುತೇಕ ಎಲ್ಲವನ್ನೂ ನೋಡಿಕೊಳ್ಳುವುದು ಕ್ಲಬ್ಬುಗಳು. ರಾಜ್ಯ ಅನುದಾನ ಕೊಡುತ್ತದೆ, ದುಡಿಯುವುದು ಊರಿನವರು. ಬೇಸಿಗೆಯ ಕೊನೆಗೆ ಪೊದೆ ಕಡಿಯಬೇಕು, ಸೇತುವೆಯ ಹಲಗೆ ಬದಲಿಸಬೇಕು, ಶರತ್ಕಾಲದಲ್ಲಿ ಬೋರ್ಡು ನೆಡಬೇಕು, ಪ್ರತಿ ಜಮೀನಿನವರ ಮನೆಗೆ ಹೋಗಿ ಈ ವರ್ಷವೂ ಆಗುತ್ತಾ ಅಂತ ಕೇಳಬೇಕು. ಎಟಿವಿ ಕ್ಲಬ್ಬಿನವರು ಬಂದು ಈ ಕೆಲಸಗಳಲ್ಲಿ ಕೈ ಜೋಡಿಸಿದ ಕಡೆ ಮಾತುಕತೆಯೇ ಬೇರೆ ಥರ ಇರುತ್ತದೆ. ಸೇತುವೆ ಹಲಗೆ ಜೊತೆಯಲ್ಲಿ ಹೊತ್ತವನಿಗೆ ಆ ದಾರಿ ಬೇಡ ಅನ್ನಲು ನನಗೂ ನಾಲಿಗೆ ಏಳುವುದಿಲ್ಲ.

ಟ್ರ್ಯಾಕ್ ಕಿಟ್ ಬಗ್ಗೆ. ಕಾನೂನಿನಲ್ಲಿ ನಮ್ಮಲ್ಲಿ ಎಟಿವಿ ಎರಡು ವರ್ಗ. 50 ಇಂಚು ಅಗಲದವರೆಗೆ ಒಂದು, ಅದಕ್ಕಿಂತ ಮೇಲೆ 65 ಇಂಚಿನವರೆಗೆ ಇನ್ನೊಂದು. ಸ್ಲೆಡ್ ಸುಮಾರು 48 ಇಂಚು. ಹಾಗಾಗಿ ಟ್ರ್ಯಾಕ್ ಹಾಕಿದ ಚಿಕ್ಕ ಎಟಿವಿ ನನಗೆ ತೊಂದರೆ ಅನ್ನಿಸುವುದಿಲ್ಲ, ಅದಕ್ಕೆ ಅವಕಾಶ ಕೊಡಿ ಅಂತ ನಾನೂ ಹೇಳಬಲ್ಲೆ. ದೊಡ್ಡ ಸೈಡ್ ಬೈ ಸೈಡ್‌ಗೆ ಟ್ರ್ಯಾಕ್ ಹಾಕಿದರೆ ಅದು ಇನ್ನೂ ಅಗಲ, ಇನ್ನೂ ಭಾರ. ಹಳಿ ತೆಗೆದ ಹಳೇ ರೈಲು ಮಾರ್ಗದ ಮೇಲಿರುವ ಟ್ರೇಲಾದರೆ ನೇರ ಇರುತ್ತದೆ, ಅಗಲ ಇರುತ್ತದೆ, ಅಡಿಯಲ್ಲಿ ಜಲ್ಲಿ ಗಟ್ಟಿ ಇರುತ್ತದೆ, ಅಲ್ಲಿ ಹಂಚಿಕೊಳ್ಳಬಹುದು. ಮರಗಳ ನಡುವೆ ಹಾವಿನಂತೆ ಸುತ್ತುವ ಕ್ಲಬ್ ಟ್ರೇಲಿನಲ್ಲಿ ಬೇಡ.

ಹಿಮ ಇಲ್ಲದ ಚಳಿಗಾಲದ ಮಾತು ಇನ್ನೂ ಕಷ್ಟದ್ದು. 2024ರಲ್ಲಿ ಅಂಗಡಿಯವರ ಮುಖ ನಾನೂ ನೋಡಿದ್ದೇನೆ. ಆದರೆ ನಮ್ಮ ಟ್ರೇಲುಗಳಲ್ಲಿ ದೊಡ್ಡ ಪಾಲು ಜೌಗು. ಡಲೂತ್‌ನಿಂದ ಗ್ರ್ಯಾಂಡ್ ಮರೇವರೆಗಿನ ನಾರ್ತ್ ಶೋರ್ ಸ್ಟೇಟ್ ಟ್ರೇಲ್ ತಗೊಳ್ಳಿ, 146 ಮೈಲಿ. ಅದರಲ್ಲಿ ಎಷ್ಟೋ ಭಾಗ ಬೇಸಿಗೆಯಲ್ಲಿ ಕಾಲಿಡಲೂ ಆಗದಷ್ಟು ಒದ್ದೆ. ಚಳಿಗೆ ಹೆಪ್ಪುಗಟ್ಟುವುದರಿಂದಲೇ ಅದು ದಾರಿ ಆಗುವುದು. ಹಿಮ ಇಲ್ಲದ ಬೆಚ್ಚನೆಯ ವರ್ಷದಲ್ಲಿ ಜೌಗು ಪೂರ್ತಿ ಹೆಪ್ಪುಗಟ್ಟಿರುವುದಿಲ್ಲ, ಮೇಲೆ ಗಟ್ಟಿ ಕಂಡರೂ ಕೆಳಗೆ ಮೆತ್ತಗೆ. ನೀವು ಓಡಿಸಬಹುದಿತ್ತು ಅಂದ ಅದೇ ವರ್ಷವೇ ಜೌಗಿಗೆ ಜಾಸ್ತಿ ಅಪಾಯ.

ಹಾಗಾಗಿ ಕೌಂಟಿಗೆ ನಾನು ಕೇಳಬೇಕು ಅಂತಿರುವುದು ಇಷ್ಟು. ಇಡೀ ಜಾಲಕ್ಕೆ ಹೌದು ಅಥವಾ ಇಲ್ಲ ಅನ್ನಬೇಡಿ. ಟ್ರೇಲಿನ ಒಂದೊಂದು ತುಂಡಿನ ಅಡಿಯಲ್ಲಿ ಏನಿದೆ ನೋಡಿ. ಜಲ್ಲಿ ಹಾಕಿದ ಕಾಡುರಸ್ತೆ, ರೈಲು ಹಾದಿ, ಕೆರೆಗೆ ಹೋಗುವ ಚಿಕ್ಕ ದಾರಿ ಇವುಗಳನ್ನು ತೆರೆಯಿರಿ, ಚಳಿಯ ಮಿತಿ ಹಾಕಿ. ಹೊಲ, ಜೌಗು, ಕಿರಿದಾದ ತಿರುವು ಇರುವುದನ್ನು ಸ್ನೋಮೊಬೈಲಿಗೇ ಬಿಡಿ. ಮೊದಲು ಜಮೀನಿನವರ ಸಹಿ, ಆಮೇಲೆ ನಕ್ಷೆ.

ನಾಲ್ಕುಚಕ್ರ

ತುಂಡು ತುಂಡಾಗಿ ನೋಡುವುದು ನನಗೆ ಒಪ್ಪಿಗೆ. ಆದರೆ ತುಂಡುಗಳು ಒಂದಕ್ಕೊಂದು ಸೇರದಿದ್ದರೆ ಅದು ಟ್ರೇಲ್ ಅಲ್ಲ, ಪಾರ್ಕಿಂಗ್ ಜಾಗ. ಐದು ಮೈಲಿ ಹೋಗಿ ಗೇಟು ನೋಡಿ ವಾಪಸ್ ಬರಬೇಕು. ಕನಿಷ್ಠ ಒಂದು ಊರಿಂದ ಇನ್ನೊಂದು ಊರಿಗೆ ಸೇರುವ ಒಂದಾದರೂ ದಾರಿ ಇರಲಿ ಅಂತ ಬರೆಯಿರಿ. ಜೌಗು ಬರುವ ಕಡೆ ಊರ ರಸ್ತೆಯ ಅಂಚಿನಲ್ಲಿ ಸುತ್ತಿಸಿ.

ಹಿಮದಾರಿ

ಇದು ನ್ಯಾಯವಾದ ಮಾತು. ಹಾಗೇ ಬರೆಯುತ್ತೇನೆ.

ಉತ್ತರದಗಾಳಿ

ನಾನು ಇನ್ನೂ ಒಪ್ಪಲ್ಲ. ಒಮ್ಮೆ ಒಂದು ತುಂಡು ತೆರೆದರೆ ಪಕ್ಕದ ತುಂಡಿಗೂ ಬರುತ್ತಾರೆ, ಬೋರ್ಡು ಓದುವವರು ಕಡಿಮೆ. ಆದರೆ ನಿಮ್ಮ ಊರು ನಿಮ್ಮದು.

ಹೊಸಬ (ಮಿನ್ನಿಯಾಪೊಲಿಸ್)

ಎಲ್ಲರಿಗೂ ನಮಸ್ಕಾರ. ಇದನ್ನೆಲ್ಲ ಓದಿ ಸ್ವಲ್ಪ ಗಾಬರಿಯಾಯಿತು. ನಾನು ಇತ್ತೀಚೆಗೆ ಒಂದು ಹಳೇ ಎಟಿವಿ ತಗೊಂಡಿದ್ದೇನೆ, 50 ಇಂಚಿನ ಒಳಗಿನದ್ದೇ. ಈ ಚಳಿಗಾಲದಲ್ಲಿ ಗೆಳೆಯರ ಜೊತೆ ಉತ್ತರಕ್ಕೆ ಹೋಗಬೇಕು ಅಂತಿದ್ದೆ. ಯಾರ ಹೊಲವನ್ನೂ ಕೆಡಿಸದೆ ಎಲ್ಲಿ ಓಡಿಸಬಹುದು? ಲೈಸೆನ್ಸ್ ಏನಾದರೂ ಬೇಕಾ?

ಹಿಮದಾರಿ

ಸ್ವಾಗತ. 1987ರ ಜುಲೈ 1ರ ನಂತರ ಹುಟ್ಟಿದವರಾದರೆ ಮಿನ್ನೆಸೋಟದಲ್ಲಿ ಎಟಿವಿ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಬೇಕು. ಮುಂದೆ ಸ್ನೋಮೊಬೈಲ್ ಓಡಿಸುವ ಮನಸ್ಸಾದರೆ 1976ರ ನಂತರ ಹುಟ್ಟಿದವರೆಲ್ಲರಿಗೂ ಅದರ ಪ್ರಮಾಣಪತ್ರ ಬೇಕು. ಆನ್‌ಲೈನಿನಲ್ಲೇ ಕಲಿಯಬಹುದು. ಗಾಡಿಯ ನೋಂದಣಿ ನಿಮ್ಮ ಹೆಸರಿಗೆ ಬದಲಾಯಿಸಿಕೊಂಡಿದ್ದೀರಾ ನೋಡಿಕೊಳ್ಳಿ.

ಎಲ್ಲಿ ಓಡಿಸಬಹುದು ಅಂದರೆ, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಎಟಿವಿ ನಕ್ಷೆ ನೋಡಿ, ಸ್ನೋಮೊಬೈಲ್ ನಕ್ಷೆ ಅಲ್ಲ. ಎರಡೂ ಬೇರೆ ಬೇರೆ ಇವೆ. ಸ್ನೋಮೊಬೈಲ್ ಹಂಗಾಮು ಇಲ್ಲಿ ಡಿಸೆಂಬರ್ 1ರಿಂದ ಏಪ್ರಿಲ್ 1. ಆ ನಾಲ್ಕು ತಿಂಗಳು ಟ್ರೇಲ್ ಬಾಯಲ್ಲಿರುವ ಬೋರ್ಡಿನಲ್ಲಿ ಎಟಿವಿ ಚಿತ್ರ ಇಲ್ಲದಿದ್ದರೆ ಒಳಗೆ ಹೋಗಬೇಡಿ. ಹೊರಡುವ ಮುಂಚೆ ಅಲ್ಲಿಯ ಕ್ಲಬ್ಬಿಗೆ ಒಂದು ಫೋನ್ ಮಾಡಿ, ಖುಷಿಯಿಂದ ಹೇಳುತ್ತಾರೆ. ಕಾಡುರಸ್ತೆಗಳಲ್ಲಿ ಮರದ ಲಾರಿ ಓಡಾಡುತ್ತಿರುತ್ತವೆ, ಅಂಚಿನಲ್ಲೇ ಇರಿ.

ನಾಲ್ಕುಚಕ್ರ

ಕೆರೆ ಮೇಲೆ ಹೋಗುವುದಾದರೆ ಮಂಜುಗಡ್ಡೆ ಅಳೆಯದೆ ಹೋಗಬೇಡಿ ತಮ್ಮ. ನಿಮ್ಮ ರಾಜ್ಯದ ಇಲಾಖೆ ಹೇಳುವ ಪ್ರಕಾರ ನಡೆಯಲು 4 ಇಂಚು, ಸ್ನೋಮೊಬೈಲ್ ಅಥವಾ ಚಿಕ್ಕ ಎಟಿವಿಗೆ 5ರಿಂದ 7 ಇಂಚು, ಸೈಡ್ ಬೈ ಸೈಡ್‌ಗೆ 7ರಿಂದ 8. ಅದೂ ಹೊಸ, ತಿಳಿ ಮಂಜುಗಡ್ಡೆಗೆ. ಬೆಳ್ಳಗಿರುವ, ಹಿಮ ಬೆರೆತದ್ದಕ್ಕೆ ಇನ್ನೂ ಜಾಸ್ತಿ ಬೇಕು. ಒಂದೇ ಕಡೆ ತೂತು ಕೊರೆದು ನೋಡಿದರೆ ಸಾಲದು, ಮುಂದೆ ಹೋಗುತ್ತಾ ಹೋಗುತ್ತಾ ಕೊರೆಯಬೇಕು. ತೊರೆ ಸೇರುವ ಜಾಗಕ್ಕೆ ಹತ್ತಿರ ಹೋಗಲೇಬೇಡಿ. ನಮ್ಮ ಕಡೆ ಬಂದರೆ ಹೇಳಿ, ಜೊತೆಗೆ ಬರುತ್ತೇನೆ.

ಹೊಸಬ

ಬಹಳ ಧನ್ಯವಾದ ಸರ್, ಅಣ್ಣ. ಹಿಮದಾರಿ ಸರ್, ಬೇಸಿಗೆ ಕೊನೆಯಲ್ಲಿ ಪೊದೆ ಕಡಿಯುವ ಕೆಲಸ ಇದೆ ಅಂದಿರಲ್ಲ, ನಿಮ್ಮ ಕ್ಲಬ್ಬಿನಲ್ಲಿ ಎಟಿವಿ ಇರುವವರು ಬಂದರೂ ಆಗುತ್ತಾ?

ಹಿಮದಾರಿ

ಖಂಡಿತ ಬನ್ನಿ. ಎಟಿವಿ ಇದ್ದರೆ ಇನ್ನೂ ಒಳ್ಳೆಯದು, ಹಲಗೆ, ಗೂಟ ಹೊರಲು ಅದೇ ಬೇಕು. ದಿನಾಂಕ ಗೊತ್ತಾದ ಮೇಲೆ ಇಲ್ಲೇ ಹಾಕುತ್ತೇನೆ.

ಜೋಳದಹೊಲ

ಹಿಮದಾರಿ ಅವರೇ, ಒಂದು ಕೇಳುವುದು ಮರೆತೆ. ನಿಮ್ಮ ಸಭೆ ಎಷ್ಟು ಹೊತ್ತಿಗೆ ಇಟ್ಟಿದ್ದಾರೆ? ಸಂಜೆ ಐದಕ್ಕೆ ಇಟ್ಟರೆ ಹೈನುಗಾರರು ಒಬ್ಬರೂ ಬರಲ್ಲ, ಅದು ಹಾಲು ಕರೆಯುವ ಹೊತ್ತು. ಏಳೂವರೆ ಮೇಲೆ ಇಡಲು ಹೇಳಿ. ಪತ್ರ ಕಳಿಸಿದರೆ ಸಾಲದು, ದಾರಿ ಯಾರ ಹೊಲದ ಮೇಲೆ ಹೋಗುತ್ತೋ ಅವರ ಮನೆಗೇ ಹೋಗಿ ಕರೆಯಿರಿ.

ಹಿಮದಾರಿ

ಐದೂವರೆಗೇ ಇಟ್ಟಿದ್ದಾರೆ. ನಾಳೆ ಬೆಳಗ್ಗೆ ಕೌಂಟಿ ಆಫೀಸಿಗೆ ಫೋನ್ ಮಾಡಿ ಹೊತ್ತು ಬದಲಿಸಲು ಕೇಳುತ್ತೇನೆ. ಮನೆಗಳಿಗೆ ಹೋಗಲು ಕ್ಲಬ್ಬಿನಿಂದ ಇಬ್ಬರನ್ನು ಹೊಂದಿಸುತ್ತೇನೆ, ಅರ್ಜಿ ಕೊಟ್ಟ ಎಟಿವಿಯವರಲ್ಲಿ ಒಬ್ಬರನ್ನೂ ಜೊತೆಗೆ ಬನ್ನಿ ಅಂತ ಕರೆಯುತ್ತೇನೆ.